ಕಟ್ಟಿದ್ದು ಪೋಲಿಷ್ ಕಾರ್ಮಿಕರು, ಮಾರಿದ್ದು ಮಹಾಧರ್ಮಪ್ರಾಂತ್ಯ: ಡೆಟ್ರಾಯಿಟ್‌ನ ಒಂದು ಚರ್ಚ್‌ನ ಪ್ರಕರಣ

ಅಮೆರಿಕದಲ್ಲಿ ಕಾನೂನು ಓದುವವರಿಗೆ ಪೋಲ್‌ಟೌನ್ ಅಂದರೆ ಭೂಸ್ವಾಧೀನದ ಪಾಠ. 1981ರಲ್ಲಿ ಡೆಟ್ರಾಯಿಟ್ ನಗರಾಡಳಿತ ಒಂದು ಇಡೀ ಬಡಾವಣೆಯನ್ನು ಎಬ್ಬಿಸಿ ಆ ಜಾಗವನ್ನು ಜನರಲ್ ಮೋಟರ್ಸ್ (ಜಿಎಂ) ಎಂಬ ಕಾರು ಕಂಪನಿಗೆ ಕೊಟ್ಟಿತು. ಮಿಷಿಗನ್ ಸುಪ್ರೀಂ ಕೋರ್ಟ್ ಅದು ಸರಿ ಎಂದಿತು. 23 ವರ್ಷ ಕಳೆದ ಮೇಲೆ ಅದೇ ಕೋರ್ಟು ಆ ತೀರ್ಪು ತಪ್ಪು ಎಂದಿತು. ಪಠ್ಯದಲ್ಲಿ ಇಷ್ಟೇ ಇರುತ್ತದೆ. ಕಂಪನಿ, ಮೇಯರ್, ನ್ಯಾಯಾಧೀಶರು, ಮುಗಿಯಿತು.

ಆದರೆ ಆ ಬಡಾವಣೆಯ ನಡುವೆ ಒಂದು ಕ್ಯಾಥೊಲಿಕ್ ಚರ್ಚ್ ಇತ್ತು. ಇಮ್ಯಾಕ್ಯುಲೇಟ್ ಕನ್ಸೆಪ್ಷನ್, ಅಂದರೆ ಅಮಲೋದ್ಭವ ಮಾತೆಯ ಚರ್ಚ್. ಪೋಲೆಂಡ್‌ನಿಂದ ವಲಸೆ ಬಂದವರು ಕಟ್ಟಿಸಿಕೊಂಡದ್ದು. ಆ ಚರ್ಚ್ ಕಡೆಯಿಂದ ನೋಡಿದರೆ ಇಡೀ ಪ್ರಕರಣ ಬೇರೆಯೇ ಕಾಣುತ್ತದೆ. ಯಾಕೆಂದರೆ ಆ ಚರ್ಚನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅದು ಮಾರಾಟವಾಯಿತು. ಮಾರಿದ್ದು ಸ್ವತಃ ಡೆಟ್ರಾಯಿಟ್‌ನ ಮಹಾಧರ್ಮಪ್ರಾಂತ್ಯ, ಅಂದರೆ ಆ ಭಾಗದ ಕ್ಯಾಥೊಲಿಕ್ ಚರ್ಚ್‌ಗಳನ್ನೆಲ್ಲ ನೋಡಿಕೊಳ್ಳುವ ಆರ್ಚ್‌ಬಿಷಪ್ಪರ ಆಡಳಿತ.

ಕಾರ್ಖಾನೆ ಬಂತು, ಊರು ಬಂತು

ಡೆಟ್ರಾಯಿಟ್‌ನ ಒಳಗೇ, ನಾಲ್ಕೂ ಕಡೆ ಬಹುಮಟ್ಟಿಗೆ ಅದರಿಂದಲೇ ಸುತ್ತುವರಿದ ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ಊರಿದೆ. 1910ರಲ್ಲಿ ಅಲ್ಲಿದ್ದದ್ದು ಸುಮಾರು 3,500 ಜನ. ಅದೇ ಸುಮಾರಿಗೆ ಜಾನ್ ಮತ್ತು ಹೊರೇಸ್ ಡಾಡ್ಜ್ ಅಣ್ಣತಮ್ಮಂದಿರು ಅಲ್ಲಿ ಕಾರಿನ ಕಾರ್ಖಾನೆ ಹಾಕಿದರು. 1920ರ ಹೊತ್ತಿಗೆ ಜನಸಂಖ್ಯೆ 48,000 ದಾಟಿತು. ಬಂದವರಲ್ಲಿ ಪೋಲಿಷರೇ ಜಾಸ್ತಿ. ಹ್ಯಾಮ್‌ಟ್ರಾಮಿಕ್‌ಗೆ ಅಂಟಿಕೊಂಡ ಡೆಟ್ರಾಯಿಟ್‌ನ ಭಾಗಕ್ಕೂ ಅವರು ಹರಡಿಕೊಂಡರು. ಅದೇ ಪೋಲ್‌ಟೌನ್.

ಆ ಕಾಲದಲ್ಲಿ ಪೋಲೆಂಡ್ ಅನ್ನುವ ದೇಶ ಭೂಪಟದಲ್ಲಿ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂರೂ ಅದನ್ನು ಹಂಚಿಕೊಂಡಿದ್ದವು. ಬಂದವನ ಕಾಗದದಲ್ಲಿ ರಷ್ಯಾದವನು ಅಂತಲೋ ಜರ್ಮನಿಯವನು ಅಂತಲೋ ಬರೆದಿರುತ್ತಿತ್ತು. ತಾನು ಪೋಲಿಷ್ ಅಂತ ಜೋರಾಗಿ ಹೇಳಿಕೊಳ್ಳಲು ಇದ್ದ ಜಾಗ ಒಂದೇ, ಅವನ ಚರ್ಚ್. ಡೆಟ್ರಾಯಿಟ್‌ನಲ್ಲಿ ಐರಿಷರದು, ಜರ್ಮನ್ನರದು ಅಂತ ಕ್ಯಾಥೊಲಿಕ್ ಚರ್ಚ್‌ಗಳು ಬೇಕಾದಷ್ಟಿದ್ದವು. ಪೂಜೆ ಎಲ್ಲೆಡೆ ಲ್ಯಾಟಿನ್‌ನಲ್ಲೇ. ಆದರೂ ಪೋಲಿಷರಿಗೆ ತಮ್ಮದೇ ಬೇಕಿತ್ತು. ಪ್ರವಚನ ತಮ್ಮ ಮಾತಿನಲ್ಲಿ ಆಗಬೇಕು, ಪಾಪನಿವೇದನೆ ತಮ್ಮ ಮಾತಿನಲ್ಲಿ ಮಾಡಬೇಕು, ಗೋಡೆಯ ಮೇಲೆ ಪೋಲೆಂಡ್‌ನ ಚೆಸ್ತೊಹೋವಾದ ಕಪ್ಪು ಮುಖದ ಮೇರಿ ಮಾತೆ ಇರಬೇಕು.

ಹಾಗಾಗಿ ಕಟ್ಟಿದರು. ಸಾಲ ಮಾಡಿ ಕಟ್ಟಿದರು. ಬಾಡಿಗೆ ಮನೆಯಲ್ಲಿ ಕೋಣೆಗೆ ನಾಲ್ಕು ಜನ ಮಲಗುತ್ತಿದ್ದ ಕಾಲದಲ್ಲೇ ವಾರದ ಸಂಬಳದಲ್ಲಿ ಚರ್ಚ್‌ಗೆ ಇಷ್ಟು ಅಂತ ತೆಗೆದಿಟ್ಟರು. ಡೆಟ್ರಾಯಿಟ್‌ನ ಪೂರ್ವ ಭಾಗದಲ್ಲಿ ಇವತ್ತಿಗೂ ಓಡಾಡಿದರೆ ಪಕ್ಕದ ಮರದ ಮನೆಗಳು ಬಿದ್ದುಹೋಗಿ ಖಾಲಿ ಜಾಗಗಳಾಗಿರುತ್ತವೆ, ನಡುವೆ ಮಾತ್ರ ಕೆಂಪು ಇಟ್ಟಿಗೆಯ ಎರಡು ಗೋಪುರ ಎದ್ದು ನಿಂತಿರುತ್ತದೆ. ಆ ಗಾತ್ರ ನೋಡಿದರೆ ಇವರಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು ಅನ್ನಿಸದೆ ಇರುವುದಿಲ್ಲ. ಐದು ಸೆಂಟ್, ಹತ್ತು ಸೆಂಟ್ ಕಾಣಿಕೆಯಿಂದ ಬಂತು. ಬೇರೆ ದಾರಿ ಇರಲಿಲ್ಲ.

ಬುಟ್ಟಿ, ಸೀಮೆಸುಣ್ಣ, ನೆಲಮಾಳಿಗೆ

ಇಂಥ ಚರ್ಚ್‌ಗಳಲ್ಲಿ ಬೆಳೆದವರ ನೆನಪು ಕೇಳಿದರೆ ಪೂಜೆಗಿಂತ ಮೊದಲು ಬರುವುದು ತಿಂಡಿ. ಪಾಸ್ಕ (ಈಸ್ಟರ್) ಹಬ್ಬದ ಹಿಂದಿನ ದಿನ, ಪವಿತ್ರ ಶನಿವಾರ, ಮನೆಮನೆಯಿಂದ ಬುಟ್ಟಿ ಹೊತ್ತು ಬರುತ್ತಾರೆ. ಅದಕ್ಕೆ ಶ್ವೆಂಚೊಂಕಾ ಎನ್ನುತ್ತಾರೆ. ಬಣ್ಣ ಹಾಕಿದ ಮೊಟ್ಟೆ, ಹಂದಿಮಾಂಸದ ಸಾಸೇಜು, ರೊಟ್ಟಿ, ಉಪ್ಪು, ಮೂಗಿಗೆ ಏರುವ ಖಾರದ ಒಂದು ಬೇರು. ಜೊತೆಗೆ ಬೆಣ್ಣೆಯಲ್ಲಿ ಮಾಡಿದ ಪುಟ್ಟ ಕುರಿಮರಿ. ಅದರ ಕಣ್ಣಿಗೆ ಕಾಳುಮೆಣಸು ಚುಚ್ಚಿರುತ್ತಾರೆ. ಬುಟ್ಟಿಗಳನ್ನು ಸಾಲಾಗಿ ಇಡುತ್ತಾರೆ, ಮೇಲೆ ಕಸೂತಿ ಹಾಕಿದ ಬಿಳಿ ಬಟ್ಟೆ. ಪಾದ್ರಿ ನಡೆಯುತ್ತಾ ಪವಿತ್ರ ಜಲ ಚಿಮುಕಿಸುತ್ತಾರೆ. ಮಾರನೆಯ ಬೆಳಗ್ಗೆಯವರೆಗೆ ಮಕ್ಕಳು ಅದನ್ನು ಮುಟ್ಟುವಂತಿಲ್ಲ. ಸಾಸೇಜಿನ ವಾಸನೆ ಬರುತ್ತಿದ್ದರೂ ಕೈಕಟ್ಟಿ ಕೂರಬೇಕು.

ಕ್ರಿಸ್ಮಸ್ ಹಿಂದಿನ ರಾತ್ರಿ ಓಪ್ವಾತೆಕ್ ಎಂಬ ತೆಳ್ಳನೆಯ ಹಪ್ಪಳದಂಥ ರೊಟ್ಟಿಯನ್ನು ಮನೆಯವರೆಲ್ಲ ಒಬ್ಬರದನ್ನೊಬ್ಬರು ಮುರಿದು ತಿನ್ನುತ್ತಾರೆ, ಆಮೇಲೆ ನಡುರಾತ್ರಿಯ ಪೂಜೆಗೆ ಹೋಗುತ್ತಾರೆ. ಜನವರಿ 6ಕ್ಕೆ ಮೂವರು ಜ್ಞಾನಿಗಳ ಹಬ್ಬ. ಚರ್ಚ್‌ನಲ್ಲಿ ಆಶೀರ್ವದಿಸಿದ ಸೀಮೆಸುಣ್ಣ ತಂದು ಆ ಮೂವರ ಹೆಸರಿನ ಮೊದಲಕ್ಷರಗಳನ್ನೂ ಇಸವಿಯನ್ನೂ ಮನೆ ಬಾಗಿಲಿನ ಮೇಲೆ ಬರೆಯುತ್ತಾರೆ. ಪೋಲಿಷ್ ಓಣಿಯ ಬಾಗಿಲು ನೋಡಿದರೆ ಆ ಮನೆಯವರು ಈ ವರ್ಷ ಚರ್ಚ್‌ಗೆ ಹೋಗಿದ್ದರೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು. ಅಕ್ಕಪಕ್ಕದವರ ಕಣ್ಣಿಗೆ ಅಷ್ಟು ಸಾಕಲ್ವಾ?

ಇನ್ನು ನೆಲಮಾಳಿಗೆ. ಅಮೆರಿಕದ ಇಂಥ ಚರ್ಚ್‌ಗಳಲ್ಲಿ ದೇವರು ಮೇಲೆ, ಊರು ಕೆಳಗೆ. ಮದುವೆ ಊಟ, ತಿಥಿ ಊಟ, ಬಿಂಗೊ ಆಟ, ಹೆಂಗಸರ ಸಂಘ ಎಲ್ಲವೂ ನೆಲಮಾಳಿಗೆಯಲ್ಲೇ. ಹೆಂಗಸರು ಉದ್ದದ ಮೇಜಿನ ಸುತ್ತ ಕೂತು ಪಿಯೆರೋಗಿ ಮಡಿಸುತ್ತಾರೆ, ಡಜನ್ ಲೆಕ್ಕದಲ್ಲಿ ಮಾರಿ ಚರ್ಚ್‌ನ ಸಾಲಕ್ಕೋ ಛಾವಣಿಗೋ ಕೊಡುತ್ತಾರೆ. ಪಿಯೆರೋಗಿ ಅಂದರೆ ನಮ್ಮ ಕಡುಬಿನ ಹಾಗೆ, ಒಳಗೆ ಆಲೂಗಡ್ಡೆಯದೋ ಚೀಸಿನದೋ ಹೂರಣ. ಈ ನೆಲಮಾಳಿಗೆಯನ್ನು ನೆನಪಿಟ್ಟುಕೊಳ್ಳಿ. ಪ್ರಕರಣದ ಕೊನೆಯ ಭಾಗ ನಡೆಯುವುದು ಅಲ್ಲೇ.

ಪತ್ರ ಯಾರ ಹೆಸರಿನಲ್ಲಿ?

ಕಟ್ಟಿದವರಿಗೆ ಒಂದು ವಿಷಯ ಗೊತ್ತಿತ್ತು, ಆದರೆ ಅವರು ಒಪ್ಪಿರಲಿಲ್ಲ. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು 19ನೇ ಶತಮಾನದುದ್ದಕ್ಕೂ ಗುದ್ದಾಡಿ ಒಂದು ಪದ್ಧತಿ ತಂದಿದ್ದರು. ದುಡ್ಡು ಯಾರದೇ ಆಗಲಿ, ಆಸ್ತಿ ಪತ್ರ ಬಿಷಪ್ಪರ ಹೆಸರಿಗೆ ಇರಬೇಕು. ತಮ್ಮ ದುಡ್ಡಿನಲ್ಲಿ ತಾವೇ ಕಟ್ಟಿಸಿದ ಪೋಲಿಷರಿಗೆ ಇದು ನುಂಗಲಾರದ ತುತ್ತಾಯಿತು. ಮೇಲಾಗಿ ಬಿಷಪ್ಪರು ಐರಿಷರೋ ಜರ್ಮನ್ನರೋ ಆಗಿರುತ್ತಿದ್ದರು.

ಡೆಟ್ರಾಯಿಟ್‌ನಲ್ಲಿ ಈ ಜಗಳ ಬೇಗನೇ ಬೀದಿಗೆ ಬಂತು. ಅಲ್ಲಿನ ಮೊದಲ ಪೋಲಿಷ್ ಧರ್ಮಕೇಂದ್ರ ಸೇಂಟ್ ಆಲ್ಬರ್ಟಸ್, ಶುರುವಾದದ್ದು 1872ರಲ್ಲಿ. 1882ರಲ್ಲಿ ಬಂದ ಫಾದರ್ ಡೊಮಿನಿಕ್ ಕೊಲಾಸಿನ್ಸ್ಕಿ 1885ರ ಹೊತ್ತಿಗೆ ಭರ್ಜರಿ ಹೊಸ ಚರ್ಚ್ ಎಬ್ಬಿಸಿದರು. ಲೆಕ್ಕಪತ್ರದ ವಿಷಯಕ್ಕೂ ನಡತೆಯ ವಿಷಯಕ್ಕೂ ಆರೋಪ ಬಂದು ಬಿಷಪ್ ಬೋರ್ಜೆಸ್ ಅದೇ ವರ್ಷ ಅವರನ್ನು ತೆಗೆದುಹಾಕಿದರು. ಜನ ಒಪ್ಪಲಿಲ್ಲ. ಬದಲಿಗೆ ಬಂದ ಪಾದ್ರಿ ಪೂಜೆ ಮಾಡದಂತೆ ಹೆಂಗಸರೇ ಪೀಠದ ಹತ್ತಿರ ಅಡ್ಡ ನಿಂತರು. ಕ್ರಿಸ್ಮಸ್ ಹೊತ್ತಿಗೆ ಗಲಭೆಯಾಗಿ ಒಬ್ಬ ಯುವಕ ಸತ್ತ. ಬಿಷಪ್ಪರು ಚರ್ಚ್‌ಗೆ ಬೀಗ ಹಾಕಿಸಿದರು.

ಕೊಲಾಸಿನ್ಸ್ಕಿ ಊರು ಬಿಟ್ಟು ಹೋಗಿ 1888ರಲ್ಲಿ ವಾಪಸ್ ಬಂದರು. ಬಿಷಪ್ಪರ ಒಪ್ಪಿಗೆಯೇ ಇಲ್ಲದೆ ಹತ್ತಿರದಲ್ಲೇ ಇನ್ನೂ ದೊಡ್ಡ ಚರ್ಚ್ ಕಟ್ಟಿದರು. 1893ರ ಕ್ರಿಸ್ಮಸ್ ಮುನ್ನಾದಿನ ಬಾಗಿಲು ತೆರೆದ ಅದರ ಹೆಸರು ಸ್ವೀಟೆಸ್ಟ್ ಹಾರ್ಟ್ ಆಫ್ ಮೇರಿ. ಮಾರನೆಯ ವರ್ಷ ಬಿಷಪ್ಪರ ಜೊತೆ ರಾಜಿಯಾಯಿತು. 1897ರಲ್ಲಿ ಸಾಲ ತೀರಿಸಲಾಗದೆ ಚರ್ಚ್ ಹರಾಜಿಗೂ ಹೋಯಿತು. ಜನರೇ ಪರದಾಡಿ ಬಿಡಿಸಿಕೊಂಡರು. ಅದೇ 1897ರಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ ಫಾದರ್ ಫ್ರಾನ್ಸಿಷೆಕ್ ಹೊದೂರ್ ರೋಮ್‌ನಿಂದಲೇ ಬೇರೆಯಾಗುವ ದಾರಿ ಹಿಡಿದರು. ಪೋಲಿಷ್ ನ್ಯಾಷನಲ್ ಕ್ಯಾಥೊಲಿಕ್ ಚರ್ಚ್ ಹುಟ್ಟಿದ್ದು ಹಾಗೆ. ಅಲ್ಲೂ ಮೂಲ ಪ್ರಶ್ನೆ ಒಂದೇ: ನಾವು ಕಟ್ಟಿದ್ದು ಯಾರದ್ದು?

ಕೊಲಾಸಿನ್ಸ್ಕಿಯನ್ನು ನಾನು ಮೆಚ್ಚಿಕೊಂಡು ಬರೆಯುತ್ತಿಲ್ಲ. ಆತ ಜಗಳಗಂಟ, ಮೆರೆಯುವ ಸ್ವಭಾವದವರು. ಆದರೆ ಅವರ ಹಿಂದೆ ನಿಂತ ಸಾವಿರಾರು ಜನ ಸುಮ್ನೆ ಒಬ್ಬ ಪಾದ್ರಿಯ ಮೋಡಿಗೆ ಬಿದ್ದವರಲ್ಲ. ಅವರಿಗೆ ಸ್ಪಷ್ಟವಾದ ಒಂದು ತಕರಾರಿತ್ತು. ಅದನ್ನು ಬಗೆಹರಿಸದೆ ರಾಜಿ ಮಾಡಿ ಮುಚ್ಚಿದರು. ಸುಮಾರು ತೊಂಬತ್ತು ವರ್ಷ ಆದಮೇಲೆ ಅದು ಇಮ್ಯಾಕ್ಯುಲೇಟ್ ಕನ್ಸೆಪ್ಷನ್‌ನಲ್ಲಿ ಮತ್ತೆ ತಲೆ ಎತ್ತಿತು.

1980

ಆ ಜನವರಿಯಲ್ಲಿ ಹ್ಯಾಮ್‌ಟ್ರಾಮಿಕ್‌ನ ಡಾಡ್ಜ್ ಕಾರ್ಖಾನೆ ಮುಚ್ಚಿತು. ಡೆಟ್ರಾಯಿಟ್‌ನಲ್ಲಿ ನಿರುದ್ಯೋಗ ಶೇ. 18ರಷ್ಟು, ಕಪ್ಪು ಜನರಲ್ಲಿ ಹತ್ತಿರಹತ್ತಿರ ಶೇ. 30. ಅಂಥ ಹೊತ್ತಿನಲ್ಲಿ ಜಿಎಂ ಒಂದು ಮಾತು ಇಟ್ಟಿತು. ನಗರದಲ್ಲಿನ ನಮ್ಮ ಹಳೆಯ ಕ್ಯಾಡಿಲಾಕ್ ಘಟಕಗಳನ್ನು ಮುಚ್ಚುತ್ತೇವೆ, ಸುಮಾರು 500 ಎಕರೆ ಒಟ್ಟಿಗೆ ಕೊಟ್ಟರೆ ಹೊಸದನ್ನು ಇಲ್ಲೇ ಕಟ್ಟುತ್ತೇವೆ, ಇಲ್ಲದಿದ್ದರೆ ಬೇರೆ ಕಡೆ. 6,000 ಜನರಿಗೆ ಕೆಲಸ ಎಂಬ ಭರವಸೆ. ಅಕ್ಟೋಬರ್ 8ರಂದು ಕಂಪನಿಯ ಅಧ್ಯಕ್ಷ ಥಾಮಸ್ ಮರ್ಫಿ ಮೇಯರ್ ಕೋಲ್ಮನ್ ಯಂಗ್ ಅವರಿಗೆ ಷರತ್ತುಗಳ ಪತ್ರ ಬರೆದರು. ರೈಲು ಬೇಕು, ಹೆದ್ದಾರಿ ಬೇಕು, 12 ವರ್ಷ ತೆರಿಗೆ ರಿಯಾಯಿತಿ ಬೇಕು, 1981ರ ಮೇ 1ರೊಳಗೆ ಜಾಗ ಕೈಗೆ ಬರಬೇಕು. ಆ ತಿಂಗಳ ಕೊನೆಗೇ ನಗರಸಭೆ ಒಪ್ಪಿಗೆ ಕೊಟ್ಟಿತು.

ಹಳೆಯ ಡಾಡ್ಜ್ ಜಾಗ ಸಾಲದಾಯಿತು. ಪಕ್ಕದ ಪೋಲ್‌ಟೌನ್ ಕೂಡ ಸೇರಬೇಕು. ಸುಮಾರು 4,200 ಜನ, ಸಾವಿರಕ್ಕೂ ಮೀರಿದ ಮನೆಗಳು, ನೂರಕ್ಕೂ ಹೆಚ್ಚು ಅಂಗಡಿ ಮುಂಗಟ್ಟು, ಒಂದು ಆಸ್ಪತ್ರೆ, ಹಲವು ಚರ್ಚ್. ಅದೇ ವರ್ಷ ರಾಜ್ಯದಲ್ಲಿ ಬಂದ ಹೊಸ ಕಾನೂನಿನಿಂದ ಪರಿಹಾರದ ಜಗಳ ಮುಗಿಯುವ ಮೊದಲೇ ಸರ್ಕಾರ ಜಾಗ ವಶಕ್ಕೆ ಪಡೆಯಬಹುದಿತ್ತು. ಜಾಗ ಕೊಂಡು ಸಮ ಮಾಡಿಕೊಡಲು ಸರ್ಕಾರಿ ಖರ್ಚು 20 ಕೋಟಿ ಡಾಲರ್‌ಗೂ ಜಾಸ್ತಿ. ಜಿಎಂ ಅದಕ್ಕೆ ಕೊಡಬೇಕಾದದ್ದು ಸುಮಾರು 80 ಲಕ್ಷ ಡಾಲರ್.

ಇಲ್ಲಿ ಒಂದು ಮಾತು. ಪೋಲ್‌ಟೌನ್ ಅಂದಕೂಡಲೇ ಎಲ್ಲ ಪೋಲಿಷ್ ಅಜ್ಜಿಯರು ಅಂತ ತಿಳಿಯಬೇಡಿ. ಆ ಹೊತ್ತಿಗೆ ಅರ್ಧದಷ್ಟು ಜನ ಕಪ್ಪು ವರ್ಣೀಯರು. ಪರಿಹಾರ ಚೆನ್ನಾಗಿದೆ ಅಂತ ಸಂತೋಷವಾಗಿಯೇ ಹೊರಟವರು ಅನೇಕರಿದ್ದರು. ಮೇಯರ್ ಯಂಗ್ ಕೂಡ ಖಳನಾಯಕ ಅಲ್ಲ. ಅವರು ಡೆಟ್ರಾಯಿಟ್‌ನ ಮೊದಲ ಕಪ್ಪು ಮೇಯರ್. ಅವರು ಬೆಳೆದ ಬ್ಲ್ಯಾಕ್ ಬಾಟಮ್ ಬಡಾವಣೆಯನ್ನೂ ನಗರ ಇದೇ ರೀತಿ ನೆಲಸಮ ಮಾಡಿ ಹೆದ್ದಾರಿ ಹಾಯಿಸಿತ್ತು. ಆಗ ಯಾವ ಪತ್ರಿಕೆಯೂ ಇಷ್ಟು ಮರುಗಲಿಲ್ಲ. ಕೆಲಸ ಉಳಿಯದಿದ್ದರೆ ಊರೇ ಉಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಕಾರ್ಮಿಕ ಸಂಘವೂ ಅವರ ಜೊತೆಗಿತ್ತು.

ಮಹಾಧರ್ಮಪ್ರಾಂತ್ಯವೂ ಜೊತೆಗಿತ್ತು. ಈ ಭಾಗ ನನಗೆ ಅತ್ಯಂತ ಕುತೂಹಲದ್ದು. ಅದರ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಜಾನ್ ಡಿಯರ್ಡನ್ ಸಂಪ್ರದಾಯವಾದಿಯಾಗಿರಲಿಲ್ಲ. ಕ್ಯಾಥೊಲಿಕ್ ಚರ್ಚ್‌ನ ಸುಧಾರಣೆಗೆಂದು ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಸಾಮಾನ್ಯ ಭಕ್ತರಿಗೆ ಮಾತಾಡುವ ಜಾಗ ಕೊಡಬೇಕು ಎಂದು ದುಡಿದವರು. 1976ರಲ್ಲಿ ನ್ಯಾಯ, ಸಮಾನತೆ ಕುರಿತು ದೇಶದ ಕ್ಯಾಥೊಲಿಕರ ದೊಡ್ಡ ಸಮ್ಮೇಳನ ಡೆಟ್ರಾಯಿಟ್‌ನಲ್ಲೇ ನಡೆದದ್ದು ಅವರ ನೇತೃತ್ವದಲ್ಲಿ. ಅಂಥವರ ಆಡಳಿತವೇ ಯೋಜನೆಯನ್ನು ಬೆಂಬಲಿಸಿ ಪೋಲ್‌ಟೌನ್‌ನ ಎರಡೂ ಕ್ಯಾಥೊಲಿಕ್ ಚರ್ಚ್‌ಗಳನ್ನು ಮಾರಿತು. 1981ರ ಮೇ ತಿಂಗಳಲ್ಲಿ ಅವರ ಜಾಗಕ್ಕೆ ಬಂದ ಎಡ್ಮಂಡ್ ಶೋಕಾ ಪೋಲಿಷ್ ವಲಸಿಗರ ಮಗ. ನಮ್ಮವರೇ ಬಂದರು ಎಂದು ಜನ ಆಸೆಪಟ್ಟರೆ ತಪ್ಪೇನಿಲ್ಲ. ಅವರೂ ತೀರ್ಮಾನ ಬದಲಿಸಲಿಲ್ಲ.

ಬಡವರಿಗೆ ಕೆಲಸ ಸಿಗಲಿ ಅನ್ನುವುದು ಮಹಾಧರ್ಮಪ್ರಾಂತ್ಯದ ಕಡೆಯವರ ವಾದ. ಅದನ್ನು ಸುಳ್ಳು ಅನ್ನಲಾರೆ. ಆದರೆ ತ್ಯಾಗ ಮಾಡುವವನು ತನ್ನದನ್ನು ಕೊಡಬೇಕು. ಇಲ್ಲಿ ಆಸ್ತಿ ಪತ್ರ ಕಾರ್ಡಿನಲ್ ಕಡೆ, ಬೆವರು ಇನ್ನೊಬ್ಬರ ಕಡೆ.

ಜೊತೆಗೆ ನಿಂತ ಪಾದ್ರಿ

ಮೇಲಧಿಕಾರಿಗಳಿಗೆ ಎದುರಾಗಿ ನಿಂತವರು ಆ ಚರ್ಚ್‌ನ ಗುರು ಫಾದರ್ ಜೋಸೆಫ್ ಕರಾಸಿಯೆವಿಚ್. ಕೊಲಾಸಿನ್ಸ್ಕಿಯಂಥ ಅಬ್ಬರದವರಲ್ಲ. ಖಾಸಗಿ ಕಂಪನಿಗಾಗಿ ಜನರ ಮನೆ ತೆಗೆಯುವುದು ತಪ್ಪು ಎಂದು ಬಹಿರಂಗವಾಗಿ ಹೇಳಿದರು. ಬೇರೆ ಪಾದ್ರಿಗಳಲ್ಲಿ ಹೆಚ್ಚಿನವರು ಹತ್ತಿರ ಬರಲಿಲ್ಲ. ದೊಡ್ಡ ಪೋಲಿಷ್ ಸಂಘಗಳೂ ಬಿಷಪ್ಪರಿಗೆ ಎದುರಾಡಲು ಹಿಂದೇಟು ಹಾಕಿದವು.

ನಿವಾಸಿಗಳ ಸಮಿತಿ ಕೋರ್ಟಿಗೆ ಹೋಯಿತು. ಮಿಷಿಗನ್ ಸುಪ್ರೀಂ ಕೋರ್ಟ್ 1981ರ ಮಾರ್ಚ್ 3ರಂದು ವಾದ ಕೇಳಿ ಮಾರ್ಚ್ 13ಕ್ಕೆ ತೀರ್ಪು ಕೊಟ್ಟಿತು. ಹತ್ತೇ ದಿನ. ಐವರು ನಗರದ ಪರ, ಇಬ್ಬರು ವಿರುದ್ಧ. ಕೆಲಸ ಸೃಷ್ಟಿಯಾಗುವುದೇ ಸಾರ್ವಜನಿಕ ಉಪಯೋಗ, ಕಂಪನಿಗೆ ಆಗುವ ಲಾಭ ಪ್ರಾಸಂಗಿಕ ಎಂಬುದು ಬಹುಮತದ ನಿಲುವು. ನ್ಯಾಯಮೂರ್ತಿಗಳಾದ ಫಿಟ್ಜೆರಾಲ್ಡ್ ಮತ್ತು ರಯಾನ್ ಭಿನ್ನಮತ ಬರೆದರು. ಜಿಎಂನ ಗಡುವೇ ಎಲ್ಲರನ್ನೂ ಓಡಿಸಿತು ಎಂಬುದು ರಯಾನ್ ಅವರ ಬರಹ ಓದಿದರೆ ಚೆನ್ನಾಗಿ ತಿಳಿಯುತ್ತದೆ. ಮರ್ಫಿಯ ಆ ಪತ್ರವೂ ಅದರಲ್ಲಿದೆ.

ಮೇ ತಿಂಗಳಲ್ಲಿ ಚರ್ಚ್‌ನ ಕೊನೆಯ ಅಧಿಕೃತ ಪೂಜೆ ಆಯಿತು. ಜೂನ್ ಮಧ್ಯದ ಹೊತ್ತಿಗೆ ಜನ ಅಲ್ಲೇ ಬೀಡುಬಿಟ್ಟರು. ನೆಲಮಾಳಿಗೆಯಲ್ಲಿ ಮಲಗುವುದು, ಅಲ್ಲೇ ಅಡುಗೆ, ಅಲ್ಲೇ ಜಪಸರ. ವಯಸ್ಸಾದ ಹೆಂಗಸರೇ ಮುಂದಾಳುಗಳು. ಗ್ರಾಹಕರ ಪರ ಹೋರಾಟಗಾರ ರಾಲ್ಫ್ ನೇಡರ್ ತಮ್ಮ ತಂಡವನ್ನು ಕಳಿಸಿಕೊಟ್ಟರು. ಹೊರಗಿನವರು ಬಂದು ಕೆಣಕುತ್ತಿದ್ದಾರೆ ಎಂದು ನಗರದವರು ದೂರಿದರು. ಹೊರಗೆ ಒಂದೊಂದೇ ಮನೆ ಉರುಳುತ್ತಿತ್ತು. ಖಾಲಿ ಮನೆಗಳಿಗೆ ಬೆಂಕಿ ಬೀಳುತ್ತಿತ್ತು.

ಹೀಗೆ 29 ದಿನ. ಜುಲೈ 14ರ ಬೆಳ್ಳಂಬೆಳಗ್ಗೆ ಪೊಲೀಸರು ಒಳನುಗ್ಗಿದರು. ಒಳಗಿದ್ದ ಸುಮಾರು 20 ಜನರನ್ನು ಹೊರಹಾಕಿದರು, 12 ಮಂದಿಯನ್ನು ಬಂಧಿಸಿದರು. ಬಂಧಿತರಲ್ಲಿ ಪೋಲಿಷ್ ಮೂಲದವರು ಕೆಲವರು ಮಾತ್ರ. ಉಳಿದವರು ಬೆಂಬಲಕ್ಕೆ ಬಂದವರು. ಚರ್ಚ್ ಸುತ್ತ ಬೇಲಿ ಎದ್ದಿತು. ಕೆಲವೇ ದಿನಗಳಲ್ಲಿ ಕಟ್ಟಡ ನೆಲ ಕಂಡಿತು. ಫಾದರ್ ಕರಾಸಿಯೆವಿಚ್ ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹೃದಯಾಘಾತ. ಚರ್ಚ್‌ನ ಕೊರಗಿನಿಂದಲೇ ಹೋದರು ಎಂದು ಅವರ ಜನ ನಂಬಿದರು.

ಆಮೇಲೆ

ಕಾರ್ಖಾನೆ 1985ರಲ್ಲಿ ಶುರುವಾಯಿತು. 6,000 ಕೆಲಸ ಎಂದೂ ಬರಲಿಲ್ಲ. 2018ರಲ್ಲಿ ಜಿಎಂ ಅದಕ್ಕೆ ಮುಂದೆ ಕೆಲಸವೇ ಇಲ್ಲ ಎಂದು ಪ್ರಕಟಿಸಿತು. ಆಮೇಲೆ ಮನಸ್ಸು ಬದಲಿಸಿ, 2020ರಲ್ಲಿ 220 ಕೋಟಿ ಡಾಲರ್ ಹಾಕುವುದಾಗಿ ಹೇಳಿ, ವಿದ್ಯುತ್ ವಾಹನಗಳಿಗೆಂದು ಫ್ಯಾಕ್ಟರಿ ಜೀರೊ ಎಂದು ಹೆಸರಿಟ್ಟಿತು. ಡೆಟ್ರಾಯಿಟ್ ಸುತ್ತಮುತ್ತ ಕಾರು ಉದ್ಯಮದಲ್ಲಿರುವ ಕನ್ನಡಿಗರಿಗೆ ಆ ಹೆಸರು ಗೊತ್ತಿರುತ್ತದೆ. ಅದರ ಬೇಲಿಯ ಒಳಗೆ ಬೆತ್ ಓಲೆಮ್ ಎಂಬ ಹಳೆಯ ಯಹೂದಿ ಸ್ಮಶಾನ ಹಾಗೇ ಉಳಿದಿದೆ. ವರ್ಷಕ್ಕೆ ಎರಡು ಸಲ ಗೇಟು ತೆಗೆಯುತ್ತಾರೆ. ಸತ್ತವರನ್ನು ಎಬ್ಬಿಸಲಿಲ್ಲ, ಬದುಕಿದ್ದವರನ್ನು ಎಬ್ಬಿಸಿದರು ಅಂತ ಇದನ್ನು ಕೇಳಿದವರು ಗೊಣಗುವುದುಂಟು.

ಮಹಾಧರ್ಮಪ್ರಾಂತ್ಯಕ್ಕೂ ಅದು ಕೊನೆಯಾಗಲಿಲ್ಲ. ಭಕ್ತರೂ ಪಾದ್ರಿಗಳೂ ಕಡಿಮೆಯಾದರು ಎಂದು ಆರ್ಚ್‌ಬಿಷಪ್ ಶೋಕಾ 1989ರ ಸುಮಾರಿಗೆ ಡೆಟ್ರಾಯಿಟ್‌ನ ಸುಮಾರು 30 ಧರ್ಮಕೇಂದ್ರಗಳನ್ನು ಮುಚ್ಚಿದರು. ಸೇಂಟ್ ಆಲ್ಬರ್ಟಸ್ 1990ರಲ್ಲಿ ಹೋಯಿತು. ಅದರ ಕಟ್ಟಡವನ್ನು ಈಗ ಪೋಲಿಷ್ ಅಮೆರಿಕನ್ನರ ಒಂದು ಸಂಘ ಕಾಪಾಡುತ್ತಿದೆ. ಹ್ಯಾಮ್‌ಟ್ರಾಮಿಕ್‌ನ ಸೇಂಟ್ ಫ್ಲೋರಿಯನ್ ಗಟ್ಟಿಯಾಗಿದೆ. ಸುತ್ತಲಿನ ಊರು ಮಾತ್ರ ಈಗ ಯೆಮನ್, ಬಾಂಗ್ಲಾದೇಶದಿಂದ ಬಂದವರದು. ಸ್ವೀಟೆಸ್ಟ್ ಹಾರ್ಟ್ ಆಫ್ ಮೇರಿಯಲ್ಲಿ ಪಿಯೆರೋಗಿ ಹಬ್ಬ ನಡೆಯುತ್ತದೆ. ಉಪನಗರಗಳಿಗೆ ಹೋದವರ ಮಕ್ಕಳು, ಮೊಮ್ಮಕ್ಕಳು ಬಂದು ಸಾಲಿನಲ್ಲಿ ನಿಲ್ಲುತ್ತಾರೆ.

2004ರ ಜುಲೈನಲ್ಲಿ ವೇಯ್ನ್ ಕೌಂಟಿಯ ಇನ್ನೊಂದು ಭೂಸ್ವಾಧೀನದ ಕೇಸಿನಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ಪೋಲ್‌ಟೌನ್ ತೀರ್ಪನ್ನು ರದ್ದು ಮಾಡಿತು. ಪತ್ರಿಕೆಗಳು ಪೋಲ್‌ಟೌನ್‌ಗೆ ತಡವಾಗಿ ನ್ಯಾಯ ಸಿಕ್ಕಿತು ಎಂದವು. ಮನೆಗಳ ಮಟ್ಟಿಗೆ ಸರಿ. ಆದರೆ ಆ ತೀರ್ಪು ತಡೆಯುವುದು ಸರ್ಕಾರ ಬಲವಂತವಾಗಿ ತೆಗೆದುಕೊಳ್ಳುವುದನ್ನು. ಒಡೆಯನೇ ಒಪ್ಪಿ ಮಾರಿದ ಚರ್ಚ್‌ಗೆ ಅದರಿಂದ ಏನಾಗಬೇಕು? ಇವತ್ತು ಅಂಥದೇ ಪರಿಸ್ಥಿತಿ ಬಂದರೂ ಪೀಠದ ಮುಂದೆ ಕೂತವರಿಗೆ ಆ ಕಾನೂನಿನಿಂದ ಹೊಸದಾಗಿ ಏನೂ ಸಿಗುವುದಿಲ್ಲ.

ಆಸ್ತಿ ಪತ್ರ ಜನರ ಕೈಯಲ್ಲೇ ಇದ್ದಿದ್ದರೆ? ಅದಕ್ಕೂ ಒಂದು ಉದಾಹರಣೆ ಇದೆ, ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ. ಅಲ್ಲಿನ ಪೋಲಿಷರ ಸೇಂಟ್ ಸ್ಟಾನಿಸ್ಲಾಸ್ ಕೊಸ್ಕಾ ಚರ್ಚ್‌ನ ಆಸ್ತಿ 1891ರಲ್ಲೇ ಭಕ್ತರ ಆಡಳಿತ ಮಂಡಳಿಯ ಹೆಸರಿಗೆ ಆಗಿತ್ತು. 2000ದ ದಶಕದಲ್ಲಿ ಆರ್ಚ್‌ಬಿಷಪ್ ರೇಮಂಡ್ ಬರ್ಕ್ ಅದನ್ನು ಧರ್ಮಪ್ರಾಂತ್ಯದ ವ್ಯವಸ್ಥೆಗೆ ತರಲು ಹೊರಟರು. ಮಂಡಳಿ ಬಗ್ಗಲಿಲ್ಲ. 2005ರ ಡಿಸೆಂಬರ್‌ನಲ್ಲಿ ಮಂಡಳಿಯ ಸದಸ್ಯರಿಗೆ ಬಹಿಷ್ಕಾರ ಬಿತ್ತು. ಕೋರ್ಟು 2012ರಲ್ಲಿ ಮಂಡಳಿಯ ಪರ ತೀರ್ಪು ಕೊಟ್ಟಿತು. ಕಟ್ಟಡ ಉಳಿಯಿತು, ಪೂಜೆಯೂ ನಡೆಯುತ್ತಿದೆ. ರೋಮ್‌ನ ಲೆಕ್ಕದಲ್ಲಿ ಮಾತ್ರ ಅದು ಈಗ ಕ್ಯಾಥೊಲಿಕ್ ಚರ್ಚ್ ಅಲ್ಲ.